ಸ್ಮಾರ್ಟ್ ಡಿಮ್ಮರ್ ಹಾಕಿಸಿದ ಮೇಲೆ ಲೈಟ್ ಮಿಣುಕುತ್ತದೆ, ಆಫ್ ಮಾಡಿದರೂ ಪೂರ್ತಿ ಆರುವುದಿಲ್ಲ. ತಪ್ಪು ಯಾವುದರದ್ದು?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು 18 ವರ್ಷ ಹಳೆಯ ಮನೆ. ಈಚೆಗೆ ಹಾಲ್‌ಗೆ ಫಾಲ್ಸ್ ಸೀಲಿಂಗ್ ಮಾಡಿಸಿ, 9 ವಾಟ್‌ನ ಆರು ಎಲ್‌ಇಡಿ ಡೌನ್‌ಲೈಟ್, ಸುತ್ತ 8 ಮೀಟರ್ ಸ್ಟ್ರಿಪ್ ಲೈಟ್ ಹಾಕಿಸಿದೆವು. ಮೊಬೈಲಿನಿಂದಲೇ ಬೆಳಕು ಏರಿಸಿ ಇಳಿಸಬಹುದೆಂದು ನ್ಯೂಟ್ರಲ್ (ಕರೆಂಟು ಮರಳುವ ವೈರ್) ಬೇಡದ ಸ್ಮಾರ್ಟ್ ಡಿಮ್ಮರ್ ಮಾಡ್ಯೂಲ್ ಎರಡು ತರಿಸಿ ಬೋರ್ಡಿನೊಳಗೆ ಕೂರಿಸಿದ್ದೇವೆ. ಅರ್ಧಕ್ಕಿಂತ ಕೆಳಗಿಳಿಸಿದರೆ ಡೌನ್‌ಲೈಟ್ ಪಟಪಟ ಮಿಣುಕುತ್ತವೆ, ಗುಂಯ್ ಎನ್ನುತ್ತವೆ. ಆಫ್ ಮಾಡಿದರೂ ಮಂಕಾಗಿ ಉರಿಯುತ್ತಿರುತ್ತವೆ. ಸ್ಟ್ರಿಪ್ ಆರುತ್ತದೆ, ಹತ್ತುತ್ತದೆ. ಇನ್ವರ್ಟರ್ ಮೇಲೆ ಇನ್ನೂ ಕಷ್ಟ. ಎಲೆಕ್ಟ್ರಿಷಿಯನ್ ಡಿಮ್ಮರ್ ಡೂಪ್ಲಿಕೇಟ್ ಎನ್ನುತ್ತಾರೆ. ಬೇರೆ ಕಂಪನಿಯದು ತರಿಸಬೇಕೆ?

ಉತ್ತರ: ಸದ್ಯ ತರಿಸಬೇಡಿ. ನೀವು ಹೇಳಿದ ಲಕ್ಷಣಗಳಲ್ಲಿ ಡಿಮ್ಮರ್ ಕೆಟ್ಟಿದೆ ಎನ್ನುವಂಥದ್ದು ಒಂದೂ ಇಲ್ಲ. ಅದನ್ನು ಡಿಮ್ ಆಗದ ಲೈಟಿಗೆ ಜೋಡಿಸಲಾಗಿದೆ, ಅಷ್ಟೇ. ಅದೇ ಲೈಟಿಗೆ ಎಷ್ಟು ದುಬಾರಿ ಡಿಮ್ಮರ್ ತಂದು ಹಾಕಿದರೂ ಹೆಚ್ಚು ಕಡಿಮೆ ಇದೇ ಪಾಡು. ಡಿಮ್ಮರ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಚಾವಣಿಯನ್ನು, ಬೋರ್ಡನ್ನಲ್ಲ.

ನಮ್ಮ 230 ವೋಲ್ಟ್, 50 ಹರ್ಟ್ಜ್ ಕರೆಂಟು ಸೆಕೆಂಡಿಗೆ ನೂರು ಅರ್ಧ ಅಲೆಗಳಾಗಿ ಬರುತ್ತದೆ. ಗೋಡೆಯ ಡಿಮ್ಮರ್ ಪ್ರತಿ ಅರ್ಧ ಅಲೆಯಲ್ಲೂ ಒಂದು ತುಂಡನ್ನು ಕತ್ತರಿಸಿ ಉಳಿದದ್ದನ್ನು ಮಾತ್ರ ಬಿಡುತ್ತದೆ. ಹಳೆಯ ತಂತಿಯ ಬಲ್ಬಿಗೆ ಇದು ಲೆಕ್ಕಕ್ಕೇ ಇಲ್ಲ, ಕಡಿಮೆ ಸಿಕ್ಕರೆ ಕಡಿಮೆ ಕಾಯುತ್ತದೆ. ಎಲ್‌ಇಡಿಯ ಹಿಂದೆ ಮಾತ್ರ ಡ್ರೈವರ್ ಎಂಬ ಪುಟ್ಟ ಡಬ್ಬಿ ಕೂತಿದೆ. ವೋಲ್ಟೇಜು ಎಷ್ಟೇ ಏರಿಳಿದರೂ ಎಲ್‌ಇಡಿಗೆ ಹೋಗುವ ಕರೆಂಟನ್ನು ಒಂದೇ ಸಮ ಇಡುವುದೇ ಅದರ ಕೆಲಸ. ನಮ್ಮಲ್ಲಿ ಸಂಜೆ ಹೊತ್ತು ವೋಲ್ಟೇಜು ಕುಸಿಯುವ ಊರುಗಳಿವೆಯಲ್ಲ, ಅಲ್ಲೂ ಲೈಟು ಚೆನ್ನಾಗಿ ಉರಿಯಲಿ ಎಂದು 100ರಿಂದ 300 ವೋಲ್ಟ್‌ವರೆಗೆ ತಾಳುವ ಡ್ರೈವರ್‌ಗಳನ್ನೇ ಹೆಚ್ಚಾಗಿ ಹಾಕುತ್ತಾರೆ. ಒಳ್ಳೆಯ ಗುಣವೇ. ಆದರೆ ಡಿಮ್ಮರ್ ಕಡಿಮೆ ಕೊಟ್ಟಷ್ಟೂ ಇಂಥ ಡ್ರೈವರ್ ಜೋರಾಗಿ ಎಳೆದು ತುಂಬಿಸಿಕೊಳ್ಳುತ್ತದೆ. ಅರ್ಧದವರೆಗೆ ಬೆಳಕು ಅಷ್ಟಾಗಿ ಇಳಿಯುವುದೇ ಇಲ್ಲ. ಅಲ್ಲಿಂದ ಕೆಳಗೆ ಡ್ರೈವರ್ ಸೋತು ಆರುತ್ತದೆ, ಮತ್ತೆ ಎದ್ದು ಹತ್ತುತ್ತದೆ. ನಿಮ್ಮ ಮಿಣುಕು ಅದು. ಗುಂಯ್ ಸದ್ದು, ಕತ್ತರಿಸಿದ ಅಲೆ ತಟ್ಟನೆ ಮೇಲೇಳುವಾಗ ಡ್ರೈವರಿನೊಳಗಿನ ಕಾಯಿಲ್, ಕೆಪಾಸಿಟರ್‌ಗಳು ಅದುರುವುದರಿಂದ ಬರುತ್ತದೆ. ಹೀಗೇ ತಿಂಗಳುಗಟ್ಟಲೆ ಬಿಟ್ಟರೆ ಡ್ರೈವರ್ ಕಾದು ಸಾಯುತ್ತದೆ. ಅಗ್ಗದ ಬಲ್ಬುಗಳಲ್ಲಿ ಡ್ರೈವರ್ ಬದಲು ಒಂದು ಕೆಪಾಸಿಟರ್ ಮಾತ್ರ ಇರುತ್ತದೆ. ಅವು ಡಿಮ್ಮರ್ ಮೇಲೆ ಇನ್ನೂ ಬೇಗ ಸುಡುತ್ತವೆ.

ಹಾಗಾಗಿ ಮೊದಲ ಕೆಲಸ: ಆ ಲೈನಿನ ಎಂಸಿಬಿ (ಮೇನ್ ಬೋರ್ಡಿನ ಟ್ರಿಪ್ ಸ್ವಿಚ್) ಇಳಿಸಿ, ಇನ್ವರ್ಟರನ್ನೂ ಆಫ್ ಮಾಡಿ, ಒಂದು ಡೌನ್‌ಲೈಟನ್ನು ಕೆಳಗೆಳೆಯುವುದು. ಎರಡು ಪಕ್ಕದ ಸ್ಪ್ರಿಂಗ್ ಕಿವಿಗಳನ್ನು ಒತ್ತಿ ಹಿಡಿದರೆ ಲೈಟು ಇಳಿಯುತ್ತದೆ, ಹಿಂದೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಬಿಳಿ ಡಬ್ಬಿ ತೂಗುತ್ತಿರುತ್ತದೆ. ಅದರ ಮೈಮೇಲಿನ ಚೀಟಿ ಓದಿ. ಔಟ್‌ಪುಟ್ ಎಂಬಲ್ಲಿ ಕರೆಂಟು ಎಷ್ಟು ಮಿಲಿಆಂಪ್, ವೋಲ್ಟೇಜು ಎಲ್ಲಿಂದ ಎಲ್ಲಿವರೆಗೆ ಎಂದು ಬರೆದಿರುತ್ತದೆ. ಉದಾಹರಣೆಗೆ 300 ಮಿಲಿಆಂಪ್, 20ರಿಂದ 36 ವೋಲ್ಟ್. ಡಿಮ್ಮಬಲ್ ಎಂಬ ಮಾತು ಎಲ್ಲೂ ಇಲ್ಲದಿದ್ದರೆ ಅದು ಡಿಮ್ ಆಗುವುದಿಲ್ಲ. ಅಂಗಡಿಯವರು ಆಗುತ್ತೆ ಸಾರ್ ಎಂದರೂ ಆಗುವುದಿಲ್ಲ.

ಡೌನ್‌ಲೈಟನ್ನೇ ಬದಲಿಸುವ ಅಗತ್ಯವಿಲ್ಲ. ಡ್ರೈವರ್ ಬೇರೆಯಾಗಿ ಇರುವುದರಿಂದ ಅದೊಂದನ್ನು ಬದಲಿಸಿದರೆ ಸಾಕು. ಹೊಸದು ಡಿಮ್ಮಬಲ್ ಆಗಿರಬೇಕು, ಮಿಲಿಆಂಪ್ ಹಳೆಯದರಷ್ಟೇ ಇರಬೇಕು, ವೋಲ್ಟೇಜಿನ ವ್ಯಾಪ್ತಿ ಹಳೆಯದನ್ನು ಒಳಗೊಂಡಿರಬೇಕು. ಮಿಲಿಆಂಪ್ ಹೆಚ್ಚಿದ್ದದ್ದು ಹಾಕಿದರೆ ಎಲ್‌ಇಡಿ ಕಾದು ಬೇಗ ಮಂಕಾಗುತ್ತದೆ. ಐಎಸ್ 15885 ಗುರುತು ಇರುವುದನ್ನೇ ಕೇಳಿ ಕೊಳ್ಳಿ, ಡ್ರೈವರ್‌ಗಳಿಗೆ ಬಿಐಎಸ್ ಮಾನಕ ಅದು. ಇನ್ನೊಂದು ಎಚ್ಚರ: ಕರೆಂಟು ಇರುವಾಗ ಡ್ರೈವರಿನ ಪಿನ್ನನ್ನು ಲೈಟಿಗೆ ಸಿಕ್ಕಿಸಬೇಡಿ. ಲೋಡ್ ಇಲ್ಲದ ಡ್ರೈವರ್ ತನ್ನ ಗರಿಷ್ಠ ವೋಲ್ಟೇಜಿಗೆ ಏರಿ ಕೂತಿರುತ್ತದೆ, ಮುಟ್ಟಿಸಿದ ಕ್ಷಣಕ್ಕೆ ಎಲ್‌ಇಡಿ ಚಟ್ ಎಂದು ಹೋಗುತ್ತದೆ. ಮೊದಲು ಲೈಟು ಜೋಡಿಸಿ, ಆಮೇಲೆ ಸ್ವಿಚ್.

ಆರೂ ಡ್ರೈವರ್ ಒಟ್ಟಿಗೆ ಕೊಳ್ಳಬೇಡಿ. ಮೊದಲು ಎರಡು ತನ್ನಿ, ಉಳಿದ ನಾಲ್ಕು ಲೈಟನ್ನು ಬಿಚ್ಚಿಡಿ, ಈಗಿರುವ ಡಿಮ್ಮರ್ ಮೇಲೇ ಪರೀಕ್ಷಿಸಿ. ಡಿಮ್ಮರಿಗೆ ಕನಿಷ್ಠ ಲೋಡ್ ಎಂದು ಒಂದು ಲೆಕ್ಕ ಇರುತ್ತದೆ. ಅದು 10 ವಾಟ್ ಇದ್ದರೆ ಎರಡು ಲೈಟಿನ 18 ವಾಟ್ ಸಾಕು, 20 ಇದ್ದರೆ ಮೂರು ಬೇಕು. ಗರಿಷ್ಠ ಲೋಡ್ ನೋಡುವಾಗ ಡಬ್ಬದ ಮೇಲಿನ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ, ಅದು ತಂತಿಯ ಬಲ್ಬಿನ ಲೆಕ್ಕ. ಎಲ್‌ಇಡಿಯ ಮಿತಿಯನ್ನು ಪಕ್ಕದಲ್ಲಿ ಬೇರೆಯಾಗಿ ಬರೆದಿರುತ್ತಾರೆ, ಅದು ಅರ್ಧಕ್ಕಿಂತ ಕಡಿಮೆ ಇರುವುದೂ ಉಂಟು. ನಿಮ್ಮ 54 ವಾಟ್‌ಗೆ ಯಾವುದಾದರೂ ಸಾಕು.

ಅಲೆ ಕತ್ತರಿಸುವುದರಲ್ಲೂ ಎರಡು ಬಗೆ. ಅಲೆಯ ಮುಂಭಾಗ ಕತ್ತರಿಸುವುದು ಲೀಡಿಂಗ್ ಎಡ್ಜ್, ಹಿಂಭಾಗ ಕತ್ತರಿಸುವುದು ಟ್ರೇಲಿಂಗ್ ಎಡ್ಜ್. ಎಲ್‌ಇಡಿಗೆ ಎರಡನೆಯದು ಹೆಚ್ಚು ಒಗ್ಗುತ್ತದೆ, ಸದ್ದೂ ಕಡಿಮೆ. ಆದರೆ ಡ್ರೈವರಿನ ಚೀಟಿಯಲ್ಲಿ ಟ್ರಯಾಕ್ ಡಿಮ್ಮಬಲ್ ಎಂದಷ್ಟೇ ಇದ್ದರೆ ಅದನ್ನು ಲೀಡಿಂಗ್‌ಗೆಂದು ಮಾಡಿದ್ದಾರೆ. ಕೆಲವು ಮಾಡ್ಯೂಲ್‌ಗಳ ಆ್ಯಪ್‌ನಲ್ಲೇ ಇದನ್ನು ಬದಲಿಸಬಹುದು. ಎರಡನ್ನೂ ಹಾಕಿ ನೋಡಿ, ಯಾವುದರಲ್ಲಿ ಸದ್ದಿಲ್ಲವೋ ಅದನ್ನು ಇಟ್ಟುಕೊಳ್ಳಿ.

ಈಗ ಆಫ್ ಮಾಡಿದರೂ ಉರಿಯುವ ವಿಚಾರ. ನ್ಯೂಟ್ರಲ್ ಇಲ್ಲದ ಮಾಡ್ಯೂಲ್ ಕೂಡ ಒಂದು ಸಣ್ಣ ಕಂಪ್ಯೂಟರೇ. ವೈಫೈ ಹಿಡಿದುಕೊಂಡು ಎಚ್ಚರವಾಗಿರಲು ಅದಕ್ಕೆ ಸದಾ ಕರೆಂಟು ಬೇಕು. ನ್ಯೂಟ್ರಲ್ ಇಲ್ಲವಾದ್ದರಿಂದ ಲೈಟಿನ ಮೂಲಕವೇ ಸ್ವಲ್ಪ ಸ್ವಲ್ಪ ಹರಿಸಿಕೊಳ್ಳುತ್ತದೆ, ಎಲ್‌ಇಡಿ ಅಷ್ಟಕ್ಕೇ ಮಿಣಿಮಿಣಿ ಎನ್ನುತ್ತದೆ. ಇದಕ್ಕೆ ಬೈಪಾಸ್ ಎಂಬ ಪುಟ್ಟ ಘಟಕವಿದೆ. ಲೈಟಿನ ಬಳಿ, ಅದರ ಎರಡು ವೈರ್‌ಗಳ ನಡುವೆ ಅಡ್ಡಲಾಗಿ ಹಾಕಬೇಕು. ಬೋರ್ಡಿನಲ್ಲಿ ಹಾಕಿದರೆ ಪ್ರಯೋಜನವಿಲ್ಲ. ಒಂದು ಸರ್ಕ್ಯೂಟಿಗೆ ಒಂದು ಸಾಕು, ಆರು ಲೈಟಿಗೆ ಆರು ಬೇಡ. ಮಾಡ್ಯೂಲಿನ ಕಂಪನಿ ಕೊಟ್ಟದ್ದನ್ನೇ ಹಾಕಿ. ಅದರ ಬದಲು ಫ್ಯಾನ್ ಕೆಪಾಸಿಟರ್ ತಂದು ಹಾಕುವ ಕಸುಬು ಬೇಡ. ಬೈಪಾಸ್ ಹಾಕುವ ಮೊದಲು ಒಂದು ಸಂಶಯ ತೀರಿಸಿಕೊಳ್ಳಿ: ಹಳೆಯ ವೈರಿಂಗ್‌ನಲ್ಲಿ ಸ್ವಿಚ್ಚನ್ನು ಫೇಸ್ (ಕರೆಂಟು ಬರುವ ವೈರ್) ಬದಲು ನ್ಯೂಟ್ರಲ್ ಮೇಲೆ ಕೊಟ್ಟಿರುವುದು ಅಪರೂಪವಲ್ಲ. ಹಾಗಿದ್ದರೆ ಆಫ್ ಮಾಡಿದಾಗಲೂ ಲೈಟಿನಲ್ಲಿ ಫೇಸ್ ನಿಂತೇ ಇರುತ್ತದೆ. ಮಂಕು ಬೆಳಕು ಆಗ ಸಣ್ಣ ಸಮಸ್ಯೆ. ಬಲ್ಬ್ ಬದಲಿಸುವವರಿಗೆ ಶಾಕ್ ಹೊಡೆಯುವುದು ದೊಡ್ಡದು.

ಬೈಪಾಸ್‌ಗಿಂತ ನ್ಯೂಟ್ರಲ್ ಇರುವ ಮಾಡ್ಯೂಲ್ ಮೇಲು, ಹಳೆಯ ಮನೆಯಲ್ಲೂ ಅದು ಸಾಧ್ಯ. ಬೋರ್ಡಿನಲ್ಲಿ ನ್ಯೂಟ್ರಲ್ ಇಲ್ಲ ಎನ್ನುವ ಮಾತು ನಮ್ಮ ಮನೆಗಳಲ್ಲಿ ಅರ್ಧ ಸತ್ಯ. ನಾಲ್ಕು ಸ್ವಿಚ್ಚಿನ ಜೊತೆ ಒಂದು 6 ಆಂಪ್ ಸಾಕೆಟ್ ಇರುವ ಬೋರ್ಡು ಹಾಲ್‌ನಲ್ಲಿ ಇದ್ದೇ ಇರುತ್ತದೆ, ಸಾಕೆಟ್ ಇದ್ದಲ್ಲಿ ನ್ಯೂಟ್ರಲ್ ಇರಲೇಬೇಕು. ಬರೀ ಸ್ವಿಚ್ ಇರುವ ಬಚ್ಚಲು, ಮೆಟ್ಟಿಲು ಬೋರ್ಡುಗಳಲ್ಲಿ ಇಲ್ಲದಿರಬಹುದು.

ಅದನ್ನು ಗುರುತಿಸುವುದರಲ್ಲೇ ಜನ ಎಡವುವುದು. ಕಪ್ಪು ವೈರ್ ಎಂದರೆ ನ್ಯೂಟ್ರಲ್ ಎಂದು ನಂಬಬೇಡಿ, ಕೈಗೆ ಸಿಕ್ಕ ಬಣ್ಣವನ್ನು ಲೈಟಿಗೆ ಎಳೆದಿರುತ್ತಾರೆ. ಟೆಸ್ಟರ್ ಹತ್ತಲಿಲ್ಲ ಎಂದರೆ ಫೇಸ್ ಅಲ್ಲ ಎಂದಷ್ಟೇ ಅರ್ಥ, ನ್ಯೂಟ್ರಲ್ ಎಂದಲ್ಲ. ಮಲ್ಟಿಮೀಟರ್ ಕೂಡ ಇಲ್ಲಿ ಮೋಸ ಮಾಡುತ್ತದೆ: ಲೈಟಿಗೆ ಹೋಗುವ ವೈರ್ ಲೈಟಿನ ಮೂಲಕ ನ್ಯೂಟ್ರಲನ್ನು ಮುಟ್ಟಿರುವುದರಿಂದ, ಫೇಸ್‌ಗೂ ಅದಕ್ಕೂ ನಡುವೆ 230ರ ಹತ್ತಿರವೇ ತೋರಿಸಬಹುದು. ನಂಬುವಂಥದ್ದು ಹಳೆಯ ಟೆಸ್ಟ್ ಲ್ಯಾಂಪ್. 60 ವಾಟ್ ತಂತಿ ಬಲ್ಬಿನ ಹೋಲ್ಡರ್‌ಗೆ ಎರಡು ವೈರ್ ಕಟ್ಟಿದ್ದು. ಫೇಸ್‌ಗೂ ಸಂಶಯದ ವೈರ್‌ಗೂ ಮುಟ್ಟಿಸಿದಾಗ ಪೂರ್ತಿ ಬೆಳಗಿ, ಆರ್‌ಸಿಸಿಬಿಯೂ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್) ಬೀಳದಿದ್ದರೆ ನ್ಯೂಟ್ರಲ್; ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಅರ್ತ್ ಮೇಲೂ ಹೀಗೇ ಬೆಳಗಬಹುದು. ಮಂಕಾಗಿ ಬೆಳಗಿದರೆ ಅಥವಾ ಬೆಳಗದೇ ಇದ್ದರೆ ಅದು ನ್ಯೂಟ್ರಲ್ ಅಲ್ಲ, ಇನ್ನಾವುದೋ ಲೈಟಿಗೆ ಹೋಗುವ ವೈರ್ ಇರಬಹುದು. ಮುಟ್ಟಿಸಿದ ಕೂಡಲೇ ಆರ್‌ಸಿಸಿಬಿ ಬಿದ್ದರೆ ಅದು ಅರ್ತ್, ಇಲ್ಲವೇ ಬೇರೆ ಲೈನಿನ ನ್ಯೂಟ್ರಲ್. 60 ವಾಟ್ ಬಲ್ಬ್ ಎಳೆಯುವುದು ಸುಮಾರು 260 ಮಿಲಿಆಂಪ್, ಮನೆಯ ಆರ್‌ಸಿಸಿಬಿ 30ಕ್ಕೇ ಬೀಳುವಂಥದ್ದು. ಇದು ಕರೆಂಟು ಇಟ್ಟುಕೊಂಡು ಮಾಡುವ ಪರೀಕ್ಷೆ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಗೆ ಬಿಡಿ. ಪಕ್ಕದಲ್ಲಿ ನಿಂತು ಹೀಗೆ ನೋಡಿ ಎಂದು ಹೇಳಲು ನಿಮಗೆ ಅಡ್ಡಿಯಿಲ್ಲ.

ನ್ಯೂಟ್ರಲ್ ಸಿಗದಿದ್ದರೆ ಅರ್ತ್ ವೈರನ್ನೇ ನ್ಯೂಟ್ರಲ್ ಮಾಡುವವರಿದ್ದಾರೆ. ಕೂಡದು. ಆರ್‌ಸಿಸಿಬಿ ಇದ್ದರೆ ಬೀಳಬಹುದು. ಇಲ್ಲದ ಮನೆಯಲ್ಲಿ ಅರ್ತ್ ಎಲ್ಲೋ ಕಡಿದರೆ ಫ್ರಿಜ್, ಗೀಸರ್‌ಗಳ ಲೋಹದ ಮೈಗೆ ಕರೆಂಟು ಏರಬಹುದು. ತ್ರೀ ಫೇಸ್ ಮನೆಯಾದರೆ ಇನ್ನೊಂದು ಅಪಾಯ: ಒಂದೇ ದೊಡ್ಡ ಬೋರ್ಡಿಗೆ ಎರಡು ಬೇರೆ ಫೇಸ್ ಬಂದಿರಬಹುದು. ಅವೆರಡರ ನಡುವೆ ಸುಮಾರು 400 ವೋಲ್ಟ್ ಇರುತ್ತದೆ, ಮಾಡ್ಯೂಲ್ ಆ ಕ್ಷಣವೇ ಬೂದಿ. ಸರಿಯಾದ ದಾರಿ ಎಂದರೆ ಅದೇ ಸರ್ಕ್ಯೂಟಿನ ಹತ್ತಿರದ ಸಾಕೆಟ್ ಬೋರ್ಡಿನಿಂದ ಪೈಪಿನೊಳಗೆ ಸ್ಪ್ರಿಂಗ್ ಬಿಟ್ಟು 1 ಚದರ ಮಿಲಿಮೀಟರಿನ ಕಪ್ಪು ವೈರ್ ಎಳೆಯುವುದು. ಪೈಪು ತುಂಬಿದ್ದರೆ ಎಳೆದಾಡಬೇಡಿ, ಹಳೆಯ ವೈರಿನ ಸಿಪ್ಪೆ ಸುಲಿಯುತ್ತದೆ. ಆಗ ಮಾಡ್ಯೂಲನ್ನು ಬೋರ್ಡಿನ ಬದಲು ಫಾಲ್ಸ್ ಸೀಲಿಂಗಿನೊಳಗೆ, ಮೊದಲ ಡೌನ್‌ಲೈಟಿನ ತೂತಿನ ಬಳಿ ಇಡಿ. ಅಲ್ಲಿ ನ್ಯೂಟ್ರಲ್ ಇದ್ದೇ ಇದೆ. ಬೋರ್ಡಿನಲ್ಲಿ ಸ್ವಿಚ್ಚಿನ ಎರಡು ವೈರ್ ಸೇರಿಸಿ ಫೇಸನ್ನು ಮೇಲಕ್ಕೆ ಕಾಯಂ ಮಾಡಬೇಕು, ಗೋಡೆಗೆ ಬ್ಯಾಟರಿಯ ವೈರ್‌ಲೆಸ್ ಗುಂಡಿ ಅಂಟಿಸಬೇಕು. ವೈಫೈ ಸಿಗ್ನಲ್ ದೃಷ್ಟಿಯಿಂದಲೂ ಇದು ಒಳ್ಳೆಯದು. ಗೋಡೆಯಲ್ಲಿ ಹೂತ ತಗಡಿನ ಗ್ಯಾಂಗ್ ಬಾಕ್ಸ್ ಸಿಗ್ನಲ್ಲನ್ನು ನುಂಗುತ್ತದೆ. ಆಗಾಗ ಆಫ್‌ಲೈನ್ ಆಗುವ ಮಾಡ್ಯೂಲ್‌ಗಳಲ್ಲಿ ಎಷ್ಟೋ ಇಂಥ ಬಾಕ್ಸಿನಲ್ಲೇ ಕೂತಿರುತ್ತವೆ.

ಜೋಡಣೆಗೆ ಬರೋಣ. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಇಳಿಸಿದ ಮಾತ್ರಕ್ಕೆ ಬೋರ್ಡು ಸಾಯುವುದಿಲ್ಲ. ಮೇನ್ ಹೋಯಿತೆಂದು ಇನ್ವರ್ಟರ್ ಎದ್ದು ಅದೇ ವೈರ್‌ಗೆ 230 ವೋಲ್ಟ್ ಕೊಡುತ್ತದೆ. ಇನ್ವರ್ಟರಿನ ಮುಂದಿನ ಗುಂಡಿಯನ್ನೂ ಆಫ್ ಮಾಡಿ, ಬೋರ್ಡಿನ ಪ್ರತಿ ಸ್ವಿಚ್ಚನ್ನು ಪರೀಕ್ಷಿಸಿದ ಮೇಲೆಯೇ ಸ್ಕ್ರೂಡ್ರೈವರ್ ಹಾಕಬೇಕು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ. ನಮ್ಮ ಬೋರ್ಡಿನಲ್ಲಿ ಫೇಸ್ ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ಲೂಪ್ ಆಗಿ ಹೋಗಿರುತ್ತದೆ. ಡಿಮ್ಮರಿಗೆಂದು ಒಂದು ಸ್ವಿಚ್ ಬಿಚ್ಚಿ ಲೂಪ್ ಕಡಿದರೆ ಮುಂದಿನ ಫ್ಯಾನು, ಸಾಕೆಟ್ ಎಲ್ಲ ಸತ್ತುಹೋಗುತ್ತವೆ, ಆಮೇಲೆ ಅರ್ಧ ದಿನ ಹುಡುಕಾಟ. ಲೂಪಿನ ಎರಡು ತುದಿ ಮತ್ತು ಮಾಡ್ಯೂಲಿಗೆ ಹೋಗುವ ತುಂಡು, ಮೂರನ್ನೂ ಲಿವರ್ ಇರುವ ಕನೆಕ್ಟರಿನಲ್ಲಿ ಸೇರಿಸಿ. ತಿರುಚಿ ಟೇಪ್ ಸುತ್ತುವ ಜಾಯಿಂಟ್ ಬಾಕ್ಸಿನೊಳಗಿನ ಕಾವಿಗೆ ಕೆಲವು ವರ್ಷದಲ್ಲಿ ಅಂಟು ಬಿಡುತ್ತದೆ.

ಮಾಡ್ಯೂಲಿನಲ್ಲಿ ಎಲ್ ಎಂಬಲ್ಲಿಗೆ ಫೇಸ್, ಎನ್ ಎಂಬಲ್ಲಿಗೆ ನ್ಯೂಟ್ರಲ್, ಓ ಎಂಬಲ್ಲಿಗೆ ಲೈಟಿನ ವೈರ್. ಎಸ್ ಎಂಬುದು ಗೋಡೆಯ ಗುಂಡಿಗೆ. ಇದರಲ್ಲಿ ಮಾತ್ರ ಕಂಪನಿಗೊಂದು ರೀತಿ: ಕೆಲವಕ್ಕೆ ಗುಂಡಿಯ ಮೂಲಕ ಫೇಸ್ ಕೊಡಬೇಕು, ಕೆಲವಕ್ಕೆ ಎಸ್1, ಎಸ್2 ಎರಡನ್ನೂ ಬರೀ ಕೂಡಿಸಬೇಕು. ಎರಡನೇ ಬಗೆಗೆ ಫೇಸ್ ತಾಗಿಸಿದರೆ ಸುಟ್ಟಿತೆಂದೇ ಲೆಕ್ಕ. ಜೊತೆಯಲ್ಲಿ ಬಂದ ಚಿತ್ರ ನೋಡದೆ ಈ ಒಂದು ವೈರ್ ಕೊಡಬೇಡಿ.

ಆ ಗುಂಡಿ ಮಾಮೂಲಿ ಸ್ವಿಚ್ ಆಗಿದ್ದರೆ ಗೋಡೆಯಿಂದ ಆನ್ ಆಫ್ ಮಾತ್ರ ಸಿಗುತ್ತದೆ, ಬೆಳಕು ಇಳಿಸಲು ಮೊಬೈಲ್ ಹುಡುಕಬೇಕು. ಅದರ ಬದಲು ಬೆಲ್ ಪುಶ್ ಹಾಕಿ. ಅದೇ ಪ್ಲೇಟಿಗೆ ಕೂರುವ 6 ಆಂಪ್‌ನ ಬೆಲ್ ಪುಶ್ ಎಲ್ಲ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಆ್ಯಪ್‌ನಲ್ಲಿ ಗುಂಡಿಯ ಬಗೆಯನ್ನು ಪುಶ್ ಎಂದು ಬದಲಿಸಿದರೆ, ಒಮ್ಮೆ ಒತ್ತಿದರೆ ಆನ್ ಆಫ್, ಒತ್ತಿ ಹಿಡಿದರೆ ಬೆಳಕು ಏರಿಳಿತ. ಮನೆಯ ಹಿರಿಯರಿಗೆ ಇದು ಆ್ಯಪ್‌ಗಿಂತ ಬೇಗ ಒಗ್ಗುತ್ತದೆ. ಎರಡು ಕಡೆಯಿಂದ ಹಾಕುವ ಟೂ ವೇ ಲೈಟಿದ್ದರೂ ಇದೇ ಉಪಾಯ: ಮಾಡ್ಯೂಲ್ ಒಂದೇ, ಎರಡೂ ಕಡೆ ಬೆಲ್ ಪುಶ್, ಎರಡನ್ನೂ ಎಸ್‌ಗೆ ಸಮಾನಾಂತರವಾಗಿ. ಪಕ್ಕದಲ್ಲೇ ಫ್ಯಾನ್ ರೆಗ್ಯುಲೇಟರ್ ಇದ್ದರೆ ಮಾಡ್ಯೂಲನ್ನು ಬಾಕ್ಸಿನ ಇನ್ನೊಂದು ತುದಿಗೆ ಸರಿಸಿ, ಒಂದರ ಕಾವು ಇನ್ನೊಂದಕ್ಕೆ ಬೇಡ. ಲೈಟಿನ ಡಿಮ್ಮರನ್ನು ಫ್ಯಾನಿಗೆ ಕೊಡುವ ಯೋಚನೆಯನ್ನಂತೂ ಮಾಡಬೇಡಿ, ಮೋಟಾರ್ ಗೊರಗುಟ್ಟಿ ಕಾಯುತ್ತದೆ.

ಸ್ಟ್ರಿಪ್ ಲೈಟಿನ ಕಥೆ ಪೂರ್ತಿ ಬೇರೆ. ಅದಕ್ಕೆ ಗೋಡೆಯ ಡಿಮ್ಮರ್ ಬೇಡವೇ ಬೇಡ. 230 ವೋಲ್ಟನ್ನು 12 ಅಥವಾ 24 ಡಿಸಿಗೆ ಇಳಿಸುವ ಎಸ್‌ಎಂಪಿಎಸ್ ಕತ್ತರಿಸಿದ ಅಲೆಯ ಮೇಲೆ ನಿಲ್ಲಲಾರದೆ ಮತ್ತೆ ಮತ್ತೆ ಬಿದ್ದು ಏಳುತ್ತದೆ. ಸ್ಟ್ರಿಪ್ ಆರಿ ಹತ್ತುವುದು ಅದಕ್ಕೇ. ಆ ಲೈನಿನ ಮಾಡ್ಯೂಲ್ ತೆಗೆದು ಮಾಮೂಲಿ ಸ್ವಿಚ್ ಹಾಕಿ, ಎಸ್‌ಎಂಪಿಎಸ್‌ಗೂ ಸ್ಟ್ರಿಪ್‌ಗೂ ನಡುವೆ ಸ್ಮಾರ್ಟ್ ಎಲ್‌ಇಡಿ ಕಂಟ್ರೋಲರ್ ಕೂರಿಸಿ. ಅದು ಡಿಸಿಯನ್ನು ಕಣ್ಣಿಗೆ ಕಾಣದ ವೇಗದಲ್ಲಿ ಕೊಟ್ಟು ನಿಲ್ಲಿಸಿ ಬೆಳಕು ಇಳಿಸುತ್ತದೆ. ಲೆಕ್ಕ ಹೀಗೆ: ರೀಲಿನ ಮೇಲೆ ಮೀಟರಿಗೆ 10 ವಾಟ್ ಎಂದಿದ್ದರೆ 8 ಮೀಟರಿಗೆ 80 ವಾಟ್, ಮೇಲೆ ಶೇ 20ರಷ್ಟು ಬಿಡುವು ಸೇರಿಸಿ 100 ವಾಟಿನ ಎಸ್‌ಎಂಪಿಎಸ್. 12 ವೋಲ್ಟ್ ಸ್ಟ್ರಿಪ್ ಆದರೆ ಎಳೆಯುವ ಕರೆಂಟು 6.7 ಆಂಪ್, ಆದ್ದರಿಂದ ಕಂಟ್ರೋಲರ್ 10 ಆಂಪ್‌ನದು. ಎಸ್‌ಎಂಪಿಎಸ್ 5 ಮೀಟರ್ ದೂರದಲ್ಲಿದ್ದರೆ 1.5 ಚದರ ಮಿಲಿಮೀಟರ್ ವೈರಿನಲ್ಲೇ ಸುಮಾರು 0.8 ವೋಲ್ಟ್ ಕರಗುತ್ತದೆ. ಹಾಗಾಗಿ ಹತ್ತಿರದಲ್ಲಿಡಿ, 8 ಮೀಟರನ್ನು ಒಂದೇ ತುದಿಯಿಂದ ಓಡಿಸದೆ 4 ಮೀಟರಿನ ಎರಡು ಭಾಗ ಮಾಡಿ ಎರಡಕ್ಕೂ ಬೇರೆ ಬೇರೆ ವೈರ್ ಕೊಡಿ. ಇಲ್ಲವಾದರೆ ದೂರದ ಮೂಲೆ ಮಂಕಾಗಿ ಕಾಣುತ್ತದೆ.

ಇನ್ವರ್ಟರಿನದು ನಮ್ಮ ಕಡೆಯೇ ಹೆಚ್ಚು ಕಾಡುವ ತೊಂದರೆ, ಹೊರದೇಶದ ಮ್ಯಾನುಯಲ್‌ಗಳಲ್ಲಿ ಸಾಮಾನ್ಯವಾಗಿ ಇದರ ಸುದ್ದಿಯೇ ಇರುವುದಿಲ್ಲ. ಡಿಮ್ಮರ್ ಎಲ್ಲಿ ಕತ್ತರಿಸಬೇಕೆಂದು ತಿಳಿಯುವುದು ಅಲೆ ಸೊನ್ನೆ ದಾಟುವ ಬಿಂದುವನ್ನು ನೋಡಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ನುಣುಪಾದ ಏರಿಳಿತವೇ ಇಲ್ಲ, ಡಿಮ್ಮರ್ ಲೆಕ್ಕ ತಪ್ಪುತ್ತದೆ. ಪ್ಯೂರ್ ಸೈನ್ ವೇವ್ ಆದರೆ ಈ ತೊಂದರೆ ಇಲ್ಲ. ಇನ್ವರ್ಟರ್ ಬದಲಿಸುವಷ್ಟು ಖರ್ಚು ಬೇಡವೆಂದರೆ ಡೌನ್‌ಲೈಟ್ ಲೈನನ್ನು ಇನ್ವರ್ಟರಿನಿಂದ ಬಿಡಿಸಿ, ಹಾಲ್‌ನ ಒಂದು ಟ್ಯೂಬ್‌ಲೈಟನ್ನು ಮಾತ್ರ ಅದರ ಮೇಲೆ ಇಡಿ. ಬಿಡಿಸುವಾಗ ಫೇಸ್ ಜೊತೆ ನ್ಯೂಟ್ರಲ್ಲೂ ಯಾವ ಲೈನಿನದೆಂದು ನೋಡಬೇಕು, ಒಂದರ ಫೇಸ್, ಇನ್ನೊಂದರ ನ್ಯೂಟ್ರಲ್ ಆದರೆ ಆರ್‌ಸಿಸಿಬಿ ಬೀಳುತ್ತಲೇ ಇರುತ್ತದೆ. ಕರೆಂಟು ಹೋದಾಗಲೆಲ್ಲ ಮಾಡ್ಯೂಲ್ ಮತ್ತೆ ಶುರುವಾಗುತ್ತಿದ್ದರೆ ಇನ್ವರ್ಟರಿನ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿ, ಬದಲಾವಣೆಯ ಹೊತ್ತು ಕಡಿಮೆಯಾಗುತ್ತದೆ.

ಆ್ಯಪ್‌ಗೆ ಸೇರಿಸುವಾಗ ರೌಟರಿನ 2.4 ಗಿಗಾಹರ್ಟ್ಜ್ ಹೆಸರಿಗೇ ಮೊಬೈಲನ್ನು ಜೋಡಿಸಿಕೊಳ್ಳಿ; ಇಂಥ ಮಾಡ್ಯೂಲ್‌ಗಳಲ್ಲಿ ಬಹುಪಾಲಿಗೆ 5 ಗಿಗಾಹರ್ಟ್ಜ್ ತಿಳಿಯದು. ಆಮೇಲೆ ಕನಿಷ್ಠ ಬೆಳಕು ಹೊಂದಿಸಿ. ರಾತ್ರಿ ಹೊತ್ತು ಮಿಣುಕು ಕಾಣುವವರೆಗೆ ಇಳಿಸಿ, ಅಲ್ಲಿಂದ ನಾಲ್ಕೈದು ಅಂಕ ಮೇಲಕ್ಕೆ ನಿಲ್ಲಿಸಿ. ಅದು ಶೇ 10ರಲ್ಲಿ ನಿಂತರೆ ಬೇಸರ ಬೇಡ. ನಮ್ಮ ಕಣ್ಣು ನೇರ ಲೆಕ್ಕದಲ್ಲಿ ನೋಡುವುದಿಲ್ಲ, ಅಳತೆಯಲ್ಲಿ ಶೇ 10ರಷ್ಟು ಬೆಳಕು ಕಣ್ಣಿಗೆ ಶೇ 30ರ ಹಾಗೆ ಕಾಣುತ್ತದೆ. ಆದರೆ ತಂತಿ ಬಲ್ಬ್ ಇಳಿಸಿದಾಗ ಬರುತ್ತಿದ್ದ ದೀಪದ ಕೆಂಬಣ್ಣ ಬಾರದು. ಬಿಳಿ ಎಲ್‌ಇಡಿ ಇಳಿಸಿದಷ್ಟೂ ಬೂದಿಯೇ ಆಗುತ್ತದೆ, ಡಿಮ್ ಮಾಡುವ ಲೈಟು 2700ರಿಂದ 3000 ಕೆಲ್ವಿನ್ ವಾರ್ಮ್ ವೈಟ್ ಇದ್ದರೆ ಚೆಂದ.

ಪವರ್ ಆನ್ ಸ್ಟೇಟ್ ಎಂಬ ಇನ್ನೊಂದು ಸೆಟ್ಟಿಂಗ್ ಇರುತ್ತದೆ. ಅದು ಆನ್ ಎಂದಿದ್ದರೆ ರಾತ್ರಿ ಮೂರಕ್ಕೆ ಹೋದ ಕರೆಂಟು ಮೂರೂವರೆಗೆ ಬಂದಾಗ ಹಾಲ್ ತುಂಬ ಲೈಟು ಹತ್ತಿಕೊಳ್ಳುತ್ತದೆ. ಹಿಂದಿನ ಸ್ಥಿತಿ ಅಥವಾ ಆಫ್ ಎಂದು ಬದಲಿಸಿ.

ತರಿಸಿರುವ ಎರಡು ಮಾಡ್ಯೂಲ್ ಬಿಸಾಡಬೇಡಿ. ಡ್ರೈವರ್ ಬದಲಿಸಿ ಬೈಪಾಸ್ ಹಾಕಿದ ಮೇಲೆ ಡೌನ್‌ಲೈಟಿಗೆ ಒಂದು ಸರಿಹೋದರೂ ಹೋದೀತು, ನ್ಯೂಟ್ರಲ್ ಎಳೆಯುವ ಕೆಲಸವೇ ತಪ್ಪುತ್ತದೆ. ಇನ್ನೊಂದನ್ನು ಮಲಗುವ ಕೋಣೆಗೆ ಇಟ್ಟುಕೊಳ್ಳಿ. ಅಲ್ಲಿನ ಪಿನ್ ಹೋಲ್ಡರಿಗೆ ಡಿಮ್ಮಬಲ್ ಎಂದು ಡಬ್ಬದ ಮೇಲೆ ಬರೆದಿರುವ ಬಲ್ಬ್ ತಂದು ಹಾಕಿದರೆ ಆಯಿತು; ಒಂದೇ ಬಲ್ಬಿನ ವಾಟ್ ಕನಿಷ್ಠ ಲೋಡಿಗೆ ಸಾಲದಿದ್ದರೆ ಅಲ್ಲೂ ಒಂದು ಬೈಪಾಸ್ ಬೇಕಾಗುತ್ತದೆ.